ಬೆನ್ನು ಕೊಡಲೊಲ್ಲದ ಕ್ರೋಟನ್ ಎಲೆ

"ಕಂಬಳಿಹುಳುವೇ, ಬಟ್ಟೆಯ ಮೇಲೆ ಎಲೆಗಳ ಅಚ್ಚೊತ್ತುವ ಜುಬೇದಮ್ಮನ ಅಂಗಳಕ್ಕೆ ದಾರಿ ಯಾವುದು?" ಗಾಳಿಯಲ್ಲಿ ಅಲೆದು ದಾರಿ ತಪ್ಪಿದ್ದ ಬಣ್ಣಬಣ್ಣದ ಕ್ರೋಟನ್ ಎಲೆ ಕೇಳಿದಳು.

"ಹೇಳುತ್ತೇನೆ. ಆದರೆ ನನಗೊಂದು ತುತ್ತು ಕೊಡಬೇಕು."

"ಅಚ್ಚಾದ ಮೇಲೆ ಕೊಡುತ್ತೇನೆ. ಅಲ್ಲಿಯವರೆಗೆ ನನ್ನ ಅಂದ ಕೆಡಬಾರದು."

ಹುಳು ಬೇಲಿಯಾಚೆ ತೋರಿಸಿ ತಾನೂ ಹಿಂದೆಯೇ ತೆವಳಿತು.

ಅಂಗಳದ ಹಗ್ಗದಲ್ಲಿ ರೇಷ್ಮೆ ಸೀರೆಯೊಂದು ಒಣಗುತ್ತಿತ್ತು. ಅದರ ತುಂಬ ತೇಗದೆಲೆಯ ಅಚ್ಚು, ಒಂದೊಂದು ನರವೂ ಎದ್ದು ಕಾಣುವಂತೆ. ಕ್ರೋಟನ್‌ಗೆ ಮೈಯೆಲ್ಲ ಉರಿಯಿತು. "ಈ ಒರಟು ಮೂತಿಗೆ ರೇಷ್ಮೆಯೇ!"

"ಬಾ ತಂಗಿ," ಎಂದಿತು ಸೀರೆಯ ಮೇಲಿನ ಅಚ್ಚು. "ಬಣ್ಣ ಹಚ್ಚುವಾಗ ಬೆನ್ನು ಕೊಡು. ನಮ್ಮ ನರಗಳು ಉಬ್ಬಿರುವುದು ಅಲ್ಲೇ."

"ನನ್ನ ಮುಖ ಕಂಡರೆ ನಿನ್ನನ್ನು ಯಾರೂ ನೋಡುವುದಿಲ್ಲವೆಂಬ ಹೊಟ್ಟೆಕಿಚ್ಚು ನಿನಗೆ!"

ಜುಬೇದಮ್ಮ ಬೆನ್ನಿಗೆ ಬಣ್ಣ ಹಚ್ಚಲು ಹೋದಾಗಲೆಲ್ಲ ಕ್ರೋಟನ್ ಮಗುಚಿ ಮುಖವೊಡ್ಡಿದಳು. "ಆಗಲಿ ಮಾರಾಯ್ತಿ, ನಿನ್ನ ಹಟವನ್ನೂ ನೋಡಿಯೇ ಬಿಡೋಣ," ಎಂದು ಜುಬೇದಮ್ಮ ನಕ್ಕು, ಮುಖಕ್ಕೇ ಬಣ್ಣ ಬಳಿದು ಮೊದಲು ಕಾಗದಕ್ಕೆ ಒತ್ತಿದಳು. ಕೆಸುವಿನೆಲೆಯ ಮೇಲಿನ ನೀರಿನಂತೆ ಬಣ್ಣ ಜಾರಿತು. ಕಾಗದದಲ್ಲಿ ಉಳಿದದ್ದು ಬರೀ ಒಂದು ಕಲೆ. ಜುಬೇದಮ್ಮ ಎಲೆಯನ್ನು ತೊಳೆದು ಬೇಲಿಯತ್ತ ಎಸೆದಳು.

ಅಲ್ಲಿ ಹುಳು ಕಾಯುತ್ತಿತ್ತು. "ನನ್ನ ತುತ್ತು?"

"ಮೊದಲು ಹೋಗಿ ಆ ತೇಗದವಳನ್ನು ತಿನ್ನು!"

"ಅವಳೀಗ ಸೀರೆಯಾಗಿದ್ದಾಳೆ. ನಾನು ತಿನ್ನುವುದು ಎಲೆ ಮಾತ್ರ."

ಕ್ರೋಟನ್ ಇನ್ನೊಮ್ಮೆ ಸೀರೆಯ ಕಡೆ ನೋಡಿದಳು. ಆಮೇಲೆ ತನ್ನ ಹೊಳೆಯುವ ಮುಖವನ್ನು ಹುಳುವಿನ ಮುಂದೆ ಚಾಚಿ, "ಇಲ್ಲಿಂದಲೇ ಶುರು ಮಾಡು," ಎಂದಳು.