ಮೊರ ಕಟ್ಟಿಕೊಂಡು ಗುಡ್ಡ ಹತ್ತಿದ ಕಾಶವ್ವ

ಒಂದಾನೊಂದು ಊರಿನಲ್ಲಿ ಹಿಮ ಬೀಳುತ್ತಿತ್ತು. ನಮ್ಮ ಕಡೆ ಎಲ್ಲಿಯ ಹಿಮ ಅಂತ ಕೇಳಬೇಡಿ. ಕತೆ ಹೇಳುವವನು ನಾನು, ಬೆಂಕಿ ಕಾಯಿಸಿಕೊಳ್ಳುವವರು ನೀವು. ಬಿತ್ತು ಅಂದರೆ ಬಿತ್ತು.

ಆ ಊರಿನ ರಾಜನಿಗೆ ರಾಜ್ಯದ ಚಿಂತೆ ಇರಲಿಲ್ಲ, ಹೆಜ್ಜೆ ಗುರುತಿನ ಚಿಂತೆ. ಮನುಷ್ಯರ ಮುಖದ ಮೇಲೆ ಅವನಿಗೆ ನಂಬಿಕೆಯೇ ಇಲ್ಲ. ಮುಖ ಇವತ್ತು ನಗುತ್ತದೆ, ನಾಳೆ ಅಳುತ್ತದೆ. ಹೆಜ್ಜೆ ಮಾತ್ರ ಇಟ್ಟಲ್ಲೇ ಇರುತ್ತದೆ ಅನ್ನುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಮಾಳಿಗೆಯ ಮೇಲೆ ಕೂತು, ಊರ ಪಕ್ಕದ ಗುಡ್ಡವನ್ನು ಯಾರು ಹತ್ತಿದರು, ಯಾರು ಇಳಿದರು ಅಂತ ಹಿಮದ ಮೇಲಿನ ಗುರುತು ನೋಡುವುದೇ ಅವನ ರಾಜ್ಯಭಾರ.

ಅದೇ ಊರಿನಲ್ಲಿ ಕಾಶವ್ವ ಇದ್ದಳು. ಅವಳ ಕಾಲಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಒಂದು ತಿಂಗಳು ಬಿಡದೆ ಹಿಮ ಸುರಿದು ಮನೆಯೊಳಗೇ ಕೂತಾಗ, ನಿದ್ದೆಯಲ್ಲೂ ಅವಳ ಕಾಲು ಗೋಡೆ ಹತ್ತುತ್ತಿದ್ದವು. ಪಕ್ಕದಲ್ಲಿ ಮಲಗಿದ ಗಂಡ ದುಂಡಪ್ಪ ದಿನಾ ಒದೆ ತಿನ್ನುತ್ತಿದ್ದ, ಪಾಪ.

ಒಂದು ಬೆಳಿಗ್ಗೆ ಫಳಫಳ ಬಿಸಿಲು ಬಿತ್ತು. ಕಾಶವ್ವ ತಡ ಮಾಡಲಿಲ್ಲ. ಬರೀ ಕಾಲಲ್ಲಿ ಹೋದರೆ ಸೊಂಟದವರೆಗೆ ಹೂತುಹೋಗುತ್ತಾರಲ್ಲ, ಅದಕ್ಕೆ ಆ ಊರಿನವರ ಹಾಗೆ ಎರಡು ಕಾಲಿಗೆ ಎರಡು ಮೊರ ಕಟ್ಟಿಕೊಂಡಳು. ಮೊರದ ಅಗಲ ಬಾಯಿ ಮುಂದೆ, ಕಿರಿದಾದ ಬೆನ್ನು ಹಿಂದೆ. ರೊಟ್ಟಿ ಹೊತ್ತಿಗೆ ಬರುತ್ತೇನೆ ಅಂತ ಗಂಡನಿಗೆ ಹೇಳಿ ಹೊರಟಳು.

ಎಡಗಾಲಿನ ಮೊರ ದಾರಿಯುದ್ದಕ್ಕೂ ಗೊಣಗಿತು. ತಾನು ಜೋಳ ಹಸನು ಮಾಡುವ ಮನೆತನದ್ದಂತೆ. ಬಲಗಾಲಿನದು ಇನ್ನೂ ಹೊಸದು, ಅದಕ್ಕೆ ಎಲ್ಲಾ ಚಂದ. ಬೆನ್ನಿಗೆ ಬಿಸಿಲು, ಮೂಗಿಗೆ ಚಳಿ, ಕಾಲ ಕೆಳಗೆ ಚರ್ ಚರ್ ಹಿಮ. ಗುಡ್ಡವೆಲ್ಲ ಉಪ್ಪಿನ ರಾಶಿಯ ಹಾಗೆ ಹೊಳೆಯುತ್ತಿತ್ತು. ಹತ್ತಿದಳು, ಹತ್ತಿದಳು, ತುದಿ ಮುಟ್ಟಿದಳು. ತಿಂಗಳಿಂದ ಕುಣಿಯುತ್ತಿದ್ದ ಕಾಲು ಅಲ್ಲಿ ಸುಮ್ಮನಾದವು. ಆಗ ರೊಟ್ಟಿ ನೆನಪಾಯಿತು. ನಡೆದರೆ ತಡವಾಗುತ್ತದೆ ಅಂತ ಎರಡೂ ಮೊರ ಬಿಚ್ಚಿ ಒಂದರ ಮೇಲೊಂದು ಇಟ್ಟು, ಮೇಲೆ ಕೂತು ಸರ್ರನೆ ಜಾರಿ ಮನೆ ಮುಂದೆ ಬಂದು ನಿಂತಳು.

ಅಷ್ಟರಲ್ಲಿ ರಾಜನ ಡಂಗುರ ಹೊಡೆದಾಗಿತ್ತು. ಕಾಶವ್ವನ ಹತ್ತಿದ ಹೆಜ್ಜೆ ಇದೆ, ಇಳಿದ ಹೆಜ್ಜೆ ಇಲ್ಲ. ಆದ್ದರಿಂದ ಅವಳು ಗುಡ್ಡದ ಮೇಲೇ ಇದ್ದಾಳೆ. ಹೊತ್ತು ಮುಳುಗುವುದರೊಳಗೆ ಹೆಜ್ಜೆ ಇಳಿಯದಿದ್ದರೆ ಅವಳು ಗುಡ್ಡದವಳು, ಊರಿನ ಯಾವ ಬಾಗಿಲೂ ಅವಳಿಗೆ ತೆರೆಯಬಾರದು.

ದುಂಡಪ್ಪ ಪ್ರಾಮಾಣಿಕ ಮನುಷ್ಯ, ಅದೇ ತೊಂದರೆ. ಹೊಸ್ತಿಲ ಮೇಲೆ ಕೂತು ಗುಡ್ಡವನ್ನೇ ನೋಡುತ್ತಿದ್ದ. ಎದುರಿಗೆ ಬಂದು ನಿಂತವಳನ್ನು ಮೇಲಿಂದ ಕೆಳಗೆ ನೋಡಿದ.

"ತಂಗೀ, ನೀ ಥೇಟ್ ನನ್ನ ಹೇಣ್ತಿ ಹಂಗ ಅದೀ. ಆದ್ರ ಆಕಿ ಗುಡ್ಡದ ಮ್ಯಾಲದಾಳ. ಆಕಿ ಬರೋತನಕ ನಾ ಬ್ಯಾರೆ ಹೆಣ್ಮಗಳಿಗೆ ಬಾಗಲಾ ತಗಿಯಂಗಿಲ್ಲ."

ಕಟ್ಟಿಕೊಂಡ ಗಂಡನ ಬಾಯಲ್ಲಿ ತಂಗಿ ಅನ್ನಿಸಿಕೊಂಡರೆ ಯಾರ ಹೊಟ್ಟೆ ಉರಿಯುವುದಿಲ್ಲ ಹೇಳಿ. ಕಾಶವ್ವ ಮೊರ ಎತ್ತಿಕೊಂಡು ಅರಮನೆಗೆ ಓಡಿದಳು. ಜಾರಿ ಬಂದ ಗೆರೆ ತೋರಿಸಿದಳು. ಅದು ಗುಡ್ಡದ ಬೈತಲೆ, ಬಿಸಿಲು ಬಂತಲ್ಲ, ತಲೆ ಬಾಚಿಕೊಂಡಿದೆ ಅಂದ ರಾಜ. ಮೊರಗಳನ್ನು ಸಾಕ್ಷಿಗೆ ಕರೆದಳು. ಹತ್ತುವಾಗ ಕಾಲ ಕೆಳಗಿದ್ದೆವು, ಕತ್ತೆತ್ತಿದರೆ ಮುಖ ಕಾಣುತ್ತಿತ್ತು. ಇಳಿಯುವಾಗ ನಮ್ಮ ಮೇಲೆ ಯಾರೋ ಕೂತಿದ್ದರು, ಕೂತವರ ಮುಖ ಹೇಗೆ ಕಾಣಬೇಕು ಅಂದವು ಮೊರಗಳು. ಹಾಗಾದರೆ ಇನ್ನೊಮ್ಮೆ ಹತ್ತಿ, ನಡೆದೇ ಇಳಿದು ಬರುತ್ತೇನೆ ಅಂದಳು ಕಾಶವ್ವ.

ರಾಜ ಬೆರಳು ಮಡಿಚಿ ಯೋಚಿಸಿದ. "ಆಗ ಹತ್ತಿದವರು ಇಬ್ಬರು ಕಾಶವ್ವ, ಇಳಿದವಳು ಒಬ್ಬಳು. ಒಬ್ಬಳು ಅಲ್ಲೇ ಉಳೀತಾಳಲ್ಲ, ಆಕೀಗೆ ಯಾರು ಗತಿ?"

ಹೊತ್ತು ಪಡುವಣಕ್ಕೆ ವಾಲಿತು. ಕಾಶವ್ವ ಗುಡ್ಡದ ಬುಡದಲ್ಲಿ ಅತ್ತಿಂದಿತ್ತ ತಿರುಗಿದಳು. ತಿರುಗಿ ತಿರುಗಿ ಥಟ್ಟನೆ ನಿಂತಳು. ಇವರಿಗೆ ಬೇಕಾದ್ದು ಇಳಿದ ಹೆಜ್ಜೆ ತಾನೇ? ಮೊರ ಕಟ್ಟಿಕೊಂಡು, ಊರಿಗೆ ಮುಖ ಮಾಡಿ, ಗುಡ್ಡಕ್ಕೆ ಬೆನ್ನು ಹಾಕಿ, ಹಿಂದೆ ಹಿಂದೆ ಹತ್ತತೊಡಗಿದಳು. ಹಿಮದ ಮೇಲೆ ಮೊರದ ಬಾಯಿ ಎಲ್ಲಾ ಊರ ಕಡೆಗೆ.

ಹೊಸ್ತಿಲಲ್ಲಿದ್ದ ದುಂಡಪ್ಪನಿಗೆ ಹೆಂಡತಿಯ ಮುಖ ಕಂಡಿತು. ಬರುತ್ತಿದ್ದಾಳೆ ಅಂತ ಹಿಗ್ಗಿದ. ಆದರೆ ಬರುವವರು ದೊಡ್ಡವರಾಗುತ್ತಾ ಬರಬೇಕಲ್ಲ, ಇವಳು ಸಣ್ಣಗಾಗುತ್ತಿದ್ದಳು. ಕೊಡದಷ್ಟಿದ್ದವಳು ನಿಂಬೆಹಣ್ಣಿನಷ್ಟಾದಳು. ದುಂಡಪ್ಪ ಎದ್ದ, ಕೂತ, ಮತ್ತೆ ಎದ್ದ. ಸಾಸಿವೆಯಷ್ಟಾದಳು. ಅವಳು ತುದಿ ಮುಟ್ಟಿದ್ದೇ ಡಂಗುರ ಬಂತು. ಕಾಶವ್ವನ ಹೆಜ್ಜೆ ಪೂರಾ ಇಳಿದಿದೆ, ಕಾಶವ್ವ ಮನೆ ಸೇರಿದ್ದಾಳೆ.

ದುಂಡಪ್ಪ ಒಳಗೆ ಓಡಿದ. ಒಲೆ ಮುಂದೆ ನೋಡಿದ. ಕೌದಿ ಎತ್ತಿ ನೋಡಿದ. ಜೋಳದ ಚೀಲದ ಹಿಂದೆ ನೋಡಿದ. ಯಾರೂ ಇಲ್ಲ. ಅವನಿಗೆ ನಿಜವಾಗಿ ಭಯವಾದದ್ದು ಆಗ. ಮೊರವಿಲ್ಲದೆ, ಮೆಟ್ಟಿಲ್ಲದೆ ಗುಡ್ಡಕ್ಕೆ ಓಡಿದ. ಮೊಣಕಾಲಿನವರೆಗೆ ಹೂತ, ಸೊಂಟದವರೆಗೆ ಹೂತ, ಅರ್ಧ ಗುಡ್ಡದಲ್ಲಿ ಎದೆಯವರೆಗೆ ಹೂತು ನಿಂತ. ಮೇಲಿಂದ ಜಾರಿ ಬಂದ ಕಾಶವ್ವ ಅವನ ಪಕ್ಕದಲ್ಲಿ ಮೊರ ನಿಲ್ಲಿಸಿದಳು.

ದುಂಡಪ್ಪ ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟ. "ನೀ ಬಂದೀ ಅಂತ ಅಂದ್ರು. ಮನ್ಯಾಗ ನೋಡಿದೆ, ನೀ ಇದ್ದಿದ್ದಿಲ್ಲ ಕಾಶೀ."

ಕಾಶವ್ವ ಮೂಲಂಗಿ ಕೀಳುವ ಹಾಗೆ ಅವನನ್ನು ಕಿತ್ತಳು. ಇಬ್ಬರೂ ಮೊರದ ಮೇಲೆ ಕೂತು ಜಾರಿ ಬಂದರು. ಒಲೆ ಹೊತ್ತಿಸಿ ಬಿಸಿ ರೊಟ್ಟಿ ತಟ್ಟಿದಳು. ದುಂಡಪ್ಪ ಎರಡನೇ ತುತ್ತು ಬಾಯಿಗಿಡುವಾಗ ಬೀದಿಯಲ್ಲಿ ಮತ್ತೆ ಡಂಗುರ. ದುಂಡಪ್ಪನ ಹತ್ತಿದ ಹೆಜ್ಜೆ ಅರ್ಧ ಗುಡ್ಡದವರೆಗೆ ಇದೆ, ಇಳಿದ ಹೆಜ್ಜೆ ಇಲ್ಲ. ಹೊತ್ತು ಮುಳುಗಿತು, ದುಂಡಪ್ಪ ಗುಡ್ಡದವನು, ಯಾರೂ ಅವನಿಗೆ ಬಾಗಿಲು ತೆರೆಯಬಾರದು.

ಕಾಶವ್ವ ಗಂಡನ ಮುಖ ನೋಡಿದಳು. ದುಂಡಪ್ಪ ತುತ್ತು ನುಂಗಿದ. ಎದ್ದು ಹೋಗಿ ಬಾಗಿಲು ಹಾಕಿ, ಅಗಳಿ ಜಡಿದು ಬಂದು, ಇನ್ನೊಂದು ರೊಟ್ಟಿ ಹಾಕು ಅಂದ.

ಇದರ ನೀತಿ ಏನಪ್ಪಾ ಅಂದರೆ, ಗುಡ್ಡದಿಂದ ಇಳಿಯುವಾಗ ಕೂತು ಇಳಿಯಬೇಡಿ. ಅವರ ಒಲೆ ಅಲ್ಲಿ ಉರಿಯಲಿ, ನಮ್ಮ ಬೆಂಕಿಗೆ ಇನ್ನೊಂದು ಕಟ್ಟಿಗೆ ಹಾಕಿ.