ದುಂಡಪ್ಪ ಚೀನಿ ಪುಸ್ತಕ ಅಚ್ಚು ಹಾಕಿದ್ದು

ಬ್ಯಾಡಗಿ ಪ್ಯಾಟ್ಯಾಗ ನೀಲವ್ವ ಅಂತ ಇದ್ಲರೀ, ತೀರಿಹೋದ ಗಂಡನ ಪ್ರೆಸ್ಸು ನಡಸ್ತಿದ್ಲು. ಮಗ ದುಂಡಪ್ಪ. ಏನ್ ಹೇಳ್ತೀರಿ, ಹೇಳಿದ್ದನ್ನ ಹೇಳಿದಂಗ ಮಾಡಾವ! ಅದ ಅವ್ವನ ಕರ್ಮ.

ಮೆಣಸಿನಕಾಯಿ ಸಾವಕಾರ ಮುರಿಗೆಪ್ಪ ಒಂದು ಜಪಾನಿ ಪುಸ್ತಕ ತಂದ. ಖಾರ ಕುಟ್ಟೋ ಮಷಿನ್ ನಡಸೋದು ಹೆಂಗ ಅನ್ನೋ ಪುಸ್ತಕ. "ಚೀನಾಕ್ಕ ಮಷಿನ್ ಕಳಸಬೇಕು. ಇದನ್ನ ಚೀನಿ ಭಾಷೆಗೆ ಅನುವಾದ ಮಾಡ್ಸಿ ಅಚ್ಚು ಹಾಕಿ ಕೊಡ್ರಿ." ಪ್ರೆಸ್ಸಿನಾಗ ಬ್ಯಾರೆ ಕೆಲಸ ಇಲ್ಲ. ಇದೂ ಕೈತಪ್ಪಿದ್ರ ಪ್ರೆಸ್ಸು ಮುಚ್ಚಿದಂಗ!

"ಹೋಗೋ ದುಂಡ್ಯಾ, ಜಪಾನಿ ಚೀನಿ ಮಾತಾಡೋರ್ನ ಹುಡುಕಿ ಕರ್ಕೊಂಡ್ ಬಾ!"

ಧಾರವಾಡದಾಗ ಸಿಕ್ಕರು ಶಾಂಭವಿ ಟೀಚರ್, ಎರಡೂ ಭಾಷೆ ಕಲಿತೋರು. ದುಂಡ್ಯಾ ಒಬ್ಬನ ವಾಪಸ್ ಬಂದ. "ಯವ್ವಾ, ಅವರು ಕನ್ನಡ ಮಾತಾಡ್ತಾರ! ನೀ ಕನ್ನಡ ಅಂದಿರ್ಲಿಲ್ಲ!"

"ಎಲಾ ಖೋಡಿ! ನಾನ ಫೋನ್ ಹಚ್ಚಿ ಕರೀತೀನಿ. ಪ್ರೆಸ್ಸಿಗೆ ಬಂದೋರ್ನ ಕುಂಡ್ರಿಸಿ ಚಾ ಕೊಡು. ಕೆಲಸ ಮುಗಿಯೋತನಕ ಹೊರಗ ಬಿಡಬ್ಯಾಡ!"

ಬಂದಾವ ಸಾವಕಾರ, ಕೆಲಸ ಎಲ್ಲಿಗೆ ಬಂತು ಕೇಳಾಕ. ದುಂಡ್ಯಾ ಕುಂಡ್ರಿಸಿದ, ಚಾ ಕೊಟ್ಟ, ಹೊರಗಿನಿಂದ ಚಿಲಕ ಹಾಕಿದ! ಅವ್ವ ಸಂತಿ ಮುಗಿಸಿ ಬಂದ್ರ ಸಾವಕಾರ ಒಳಗ ಬಾಗಲಾ ಬಡೀಲಿಕ್ಕತ್ತಾನ.

"ಹುಚ್ಚಪ್ಯಾಲಿ! ಸಾವಕಾರನ್ನ ಕೂಡಿ ಹಾಕ್ತಾರೇನೋ! ಬಂದೋರಿಗೆ ಮೊದಲ ಜಪಾನಿ ಹಾಳಿ ತೋರ್ಸು. ಓದಿದ್ರ ಒಳಗ, ಇಲ್ಲಾಂದ್ರ ಹೊರಗ!"

ಮರುದಿನ ಟೀಚರ್ ಬಂದ್ರು, ಹಾಳಿ ಗಡಗಡ ಓದಿದ್ರು, ಒಳಗ ಕುಂತು ಬರಿಯಾಕ ಹತ್ತಿದ್ರು. ಆಮ್ಯಾಲ ಅವ್ವ ಬಂದ್ಲು, ತಲಿ ಮ್ಯಾಲ ಹಿಟ್ಟಿನ ಡಬ್ಬಿ.

ದುಂಡ್ಯಾ ಬಾಗಲದಾಗ ಅಡ್ಡ ನಿಂತು ಜಪಾನಿ ಹಾಳಿ ಹಿಡಿದ. "ಓದಬೇ."

"ಬಾಗಲಾ ಬಿಡೋ, ಕುತಿಗಿ ಮುರಿಯಾಕತ್ತೈತಿ!"

"ಓದಲಿಲ್ಲ. ಹೊರಗ!"

ಕಡೀಕ ಟೀಚರೇ ಎದ್ದು ಬಂದು ಬಾಗಲಾ ತೆಗೀಬೇಕಾತು.

ನೀಲವ್ವ ಹಣಿ ಹಣಿ ಬಡಕೊಂಡ್ಲು. "ಬಾಗಲ ಕಡೆ ಸುಳೀಬ್ಯಾಡ ಇನ್ನ! ಲಗ್ನಪತ್ರಕ್ಕ ಮಾಡ್ತೀವಲ್ಲ, ಹಂಗ ಮಾಡು. ಟೀಚರ್ ಬರದದ್ದು ಬಂದಕೂಡ್ಲೆ ಮೂಲ ಬಾಜೂಕ ಇಟ್ಕೊಂಡು ಅಕ್ಷರಕ್ಕ ಅಕ್ಷರ ತಾಳೆ ಹಾಕಿ ನೋಡು. ಕೂಡದಿದ್ದಲ್ಲಿ ತಿದ್ದು, ಅಚ್ಚು ಹಾಕು!"

ಹಂಗಂದು ಕಾಗದ ತರಾಕ ಹುಬ್ಬಳ್ಳಿಗೆ ಹೋದ್ಲು. ಬರೋದ್ರಾಗ ಪುಸ್ತಕದ ಕಟ್ಟು ತಯಾರ! ಮೊದಲನೇ ಸಲ ಮಗನ ಬೆನ್ನು ಚಪ್ಪರಿಸಿದ್ಲು ನೋಡ್ರಿ. ಖುಷಿಗೆ ಕಣ್ಣಾಗ ನೀರು!

ಸಾವಕಾರ ಬಂದ, ಒಂದು ಪುಸ್ತಕ ತೆಗೆದ. ತನ್ನ ಹಳೇದನ್ನ ಬಾಜೂಕ ಇಟ್ಟ. ಅದೂ ಜಪಾನಿ, ಇದೂ ಜಪಾನಿ! "ನಿಮ್ಮ ಸಹವಾಸ ಸಾಕು" ಅಂದಾವನ ಎದ್ದು ಹೋದ.

"ಟೀಚರ್ ಬರದ ಚೀನಿ ಎಲ್ಲಿ ಹಾಕಿದ್ಯೋ ಹಾಳಾದವನ!"

"ಏನ್ ಹೇಳ್ಲಿ ಯವ್ವಾ," ಅಂದ ದುಂಡ್ಯಾ, "ಅಲ್ಲೊಂದು ಇಲ್ಲೊಂದು ಅಕ್ಷರ ಬಿಟ್ರ ಪಾಪ ಆ ಟೀಚರ್ ಎಲ್ಲಾ ತಪ್ಪು ಬರದಿದ್ರು. ಕೈ ರಟ್ಟಿ ಬಿದ್ದುಹೋಗೋಹಂಗ ಮೂಲದ ಜೆರಾಕ್ಸ್ ಕತ್ತರಿಸಿ, ಅಂಟಿಸಿ, ಪೂರಾ ಮೂಲದಂಗ ತಿದ್ದೀನಿ!"