ಚಿಟ್ಟುಬಂಡೆಯ ಗಾಡಿ ಮುನೆಕ್ಕ

ಬಹಳ ಹಿಂದೆ, ಬಂಡೆಗಳ ನಡುವೆ ಒಂದೂರಿತ್ತು, ಚಿಟ್ಟುಬಂಡೆ ಅಂತ. ಆ ಊರಲ್ಲಿ ಮುನೆಕ್ಕ ಅನ್ನೋಳು ಒಬ್ಬಳಿದ್ದಳಂತೆ. ಗಂಡ ತೀರಿಕೊಂಡಾಗ ಅವಳಿಗೆ ಉಳಿದದ್ದು ಮನೆ ತುಂಬ ಮಕ್ಕಳು, ಒಂದು ಹಳೇ ಡೀಸೆಲ್ ಸ್ಟೇಷನ್ ವ್ಯಾಗನ್. ಹೆಂಗಸಿಗ್ಯಾಕೆ ಗಾಡಿ, ಮಾರಿಬಿಡು ಅಂದರಂತೆ ಊರವರು. ಅವಳು ಮಾರಲಿಲ್ಲ. ಓಡಿಸೋದು ಕಲಿತಳು.

ಗಾಡಿ ಹೇಗಿತ್ತು ಅಂತೀರಾ? ಉದ್ದಕ್ಕೆ ದೋಣಿ ಹಾಗೆ. ಹಿಂದಿನ ಬಾಗಿಲು ಮೇಲಕ್ಕೆ ಏಳೋದು. ಸೀಟು ಮಡಚಿದರೆ ಇಬ್ಬರು ಕಾಲು ಚಾಚಿ ಮಲಗಬಹುದಿತ್ತು. ಬೆಳಿಗ್ಗೆ ಕೀಲಿ ಅರ್ಧ ತಿರುಗಿಸಿ, ಇಂಜಿನ್ನಿನ ಕಾಯಿಲ್ ಬಿಸಿಯಾಗೋವರೆಗೆ ಸುಮ್ಮನೆ ಕೂರಬೇಕು. ಆಮೇಲೆ ಹಿಟ್ಟಿನ ಗಿರಣಿ ಹಾಗೆ ಗಡಗಡ ಅಂದು ಶುರುವಾಗೋದು. ಓಟ ಇಲ್ಲ. ಸೈಕಲ್ಲಿನವರೂ ನಗುತ್ತಾ ಮುಂದೆ ಹೋಗೋರಂತೆ. ಆದರೆ ಅರ್ಧ ಊರನ್ನ ತುಂಬಿದರೂ ಏರು ಹತ್ತೋದು, ಎಷ್ಟು ಭಾರ ಹಾಕಿದರೂ ಇಂಜಿನ್ ಬಂದ್ ಆಗ್ತಿರಲಿಲ್ಲ.

ಒಂದು ಮಧ್ಯಾಹ್ನ ಕಲ್ಲು ಕ್ವಾರಿಯಲ್ಲಿ ಬಂಡೆಗೆ ಇಟ್ಟ ಮದ್ದು ಹೊತ್ತಿಗೆ ಮುಂಚೆ ಸಿಡಿಯಿತು. ಅಬ್ಬಯ್ಯ, ಗಂಗುಲಪ್ಪ ಅನ್ನೋ ಇಬ್ಬರು ಕಲ್ಲುಕುಟಿಗರ ಮೇಲೆ ಕಲ್ಲು ಬಿತ್ತು. ಜೊತೆಯವರು ಎಳೆದು ಹೊರಗೆ ಹಾಕಿದರು. ಕ್ವಾರಿ ಸಾಹುಕಾರ ಚನ್ನರಾಯಪ್ಪನ ಹೊಸ ಕಾರು ಅಲ್ಲೇ ಹೊಂಗೆ ಮರದ ನೆರಳಲ್ಲಿ ನಿಂತಿತ್ತು. ಸೀಟಿಗೆ ರಕ್ತ ಹತ್ತುತ್ತೆ, ಎತ್ತಿನ ಗಾಡಿ ಬರಲಿ ಅಂದನಂತೆ. ಹೇಳೋವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತೆ. ಅಷ್ಟಕ್ಕೇ ಬಿಟ್ಟನಾ? ಸುದ್ದಿ ಹೊರಗೆ ಹೋಗಬಾರದು ಅಂತ ಕಬ್ಬಿಣದ ಗೇಟಿಗೆ ಬೀಗ ಹಾಕಿಸಿದ.

ಮದ್ದು ಸಿಡಿದ ಸದ್ದು ಊರಿಗೆಲ್ಲ ಕೇಳಿಸಿತ್ತು. ಮುನೆಕ್ಕ ಗಾಡಿ ತಂದು ಗೇಟಿನ ಮುಂದೆ ನಿಲ್ಲಿಸಿದಳು. ಬೀಗ ತೆಗೀರಿ ಅಂತ ಒಂದೇ ಸಲ ಕೇಳಿದಳಂತೆ. ಒಳಗಿಂದ ಅಬ್ಬಯ್ಯನ ನರಳಾಟ ಕೇಳಿಸ್ತಿತ್ತು. ಸಾಹುಕಾರ ತೆಗೆಸಲಿಲ್ಲ. ಗೇಟಿನ ಹೊರಗೆ ಸೇರಿದ್ದ ಊರ ಹೆಂಗಸರು ಕಲ್ಲು ಎಳೆಯೋ ಸರಪಳಿ ತಂದುಕೊಟ್ಟರು. ಅವಳು ಅದನ್ನ ಗೇಟಿಗೂ ಗಾಡಿಯ ಹಿಂದಿನ ಕೊಕ್ಕೆಗೂ ಬಿಗಿದು, ಫಸ್ಟ್ ಗೇರು ಹಾಕಿದಳು. ಗಾಡಿ ಕುದುರೆ ಹಾಗೆ ಮುಂಗಾಲೆತ್ತಿತು ಅಂತಾರೆ. ಅದರ ಹೊಗೆಗೆ ಸೂರ್ಯನೇ ಕಾಣಲಿಲ್ಲ ಅಂತಾರೆ. ನಿಜವೋ ಸುಳ್ಳೋ, ಗೇಟು ಮಾತ್ರ ಕಂಬ ಸಮೇತ ಕಿತ್ತು ಬಂತು.

ಸೀಟು ಮಡಚಿ ಇಬ್ಬರನ್ನೂ ಮಲಗಿಸಿದರು. ಆಸ್ಪತ್ರೆಗೆ ಹೋಗೋ ಏರಿನ ದಾರಿ ಪೂರಾ ಗಾಡಿ ಎಲ್ಲೂ ನಿಲ್ಲಲಿಲ್ಲ. ಗಂಗುಲಪ್ಪ ಬದುಕಿದ. ಅಬ್ಬಯ್ಯ ಆಸ್ಪತ್ರೆ ಬಾಗಿಲಲ್ಲೇ ಹೋದ. ಸ್ವಲ್ಪ ಮುಂಚೆ ತಂದಿದ್ದರೆ ಉಳೀತಿದ್ದ ಅಂದರಂತೆ ಡಾಕ್ಟರು.

ಮುನೆಕ್ಕ ಅಳಲಿಲ್ಲ. ತಿರುಗಿ ಬಂದು, ಗಾಡೀನ ಸಾಹುಕಾರನ ಮನೆ ಬಾಗಿಲಿಗೆ ಅಡ್ಡ ನಿಲ್ಲಿಸಿ, ಹಿಂದಿನ ಬಾಗಿಲು ಎತ್ತಿದಳು.

"ನಿಮ್ಮ ಸೀಟು ಚೊಕ್ಕಟವಾಗಿದೆಯಲ್ಲ, ಸಾವ್ಕಾರ್ರೇ. ಬಂದು ನನ್ನದನ್ನ ತೊಳೀರಿ."

ಅವನು ಬರಲಿಲ್ಲ. ಗಾಡಿ ಕದಲಲಿಲ್ಲ. ಊರೆಲ್ಲ ಬಂದು ಸುತ್ತ ನಿಂತಿತು. ಕಡೆಗೆ ಸಾಹುಕಾರನ ತಾಯಿ, ಬೆನ್ನು ಬಾಗಿದ ಮುದುಕಿ, ಕೊಡದಲ್ಲಿ ನೀರು ಹೊತ್ತು ತಂದು, ಮಗನ ಮುಖ ನೋಡದೆ ತಾನೇ ತೊಳೆದಳಂತೆ. ಮುನೆಕ್ಕ ಆ ಮುದುಕಿಗೆ ಕೈ ಮುಗಿದಳು. ಮನೆ ಕಡೆ ತಿರುಗಿ ಉಗಿದು, ಗಾಡಿ ತೆಗೆದಳು.

ಆ ಗಾಡಿ ಈಗಿಲ್ಲ, ಮುನೆಕ್ಕನೂ ಇಲ್ಲ. ಆದರೆ ಚಿಟ್ಟುಬಂಡೆಯಲ್ಲಿ ಯಾರೇ ಹೊಸ ಗಾಡಿ ತಂದರೂ, ಪೂಜೆಗೆ ಮುಂಚೆ ಊರಿನ ಕಾಯಿಲೆಯವರೊಬ್ಬರನ್ನ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿ ಬರ್ತಾರೆ. ಒಲ್ಲೆ ಅಂದವನ ಮನೆ ಮದುವೆಗೆ ಊರು ಹೋಗುತ್ತೆ, ಚಪ್ಪರದಲ್ಲಿ ಕೂರುತ್ತೆ, ಎಲೆ ಹಾಕಿಸಿಕೊಳ್ಳುತ್ತೆ. ಅನ್ನ ಬಡಿಸಿದ ಮೇಲೆ ಒಂದು ತುತ್ತೂ ಮುಟ್ಟದೆ ಎದ್ದು ಹೋಗುತ್ತೆ.